ಟೈಲರಮ್ಮ ಅಳೆದ ನೀರಿನ ಟ್ಯಾಂಕು

ಬೆಳಿಗ್ಗೆ ಎದ್ದು ಮುಖ ತೊಳೆದು, ದೇವರ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಆಮೇಲೆ ಹೊಲಿಗೆ ಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಡುವುದು ಟೈಲರಮ್ಮನ ನಿತ್ಯದ ಅಭ್ಯಾಸ. ಭೂಕಂಪವಾದ ಮರುದಿನವೂ ಅದು ತಪ್ಪಿರಲಿಲ್ಲ. ಗೋಡೆ ಬಿರುಕು ಬಿಟ್ಟಿತ್ತು, ಬೀದಿಯ ನೀರಿನ ಟ್ಯಾಂಕು ಮಗುಚಿ ಬಿದ್ದಿತ್ತು. ಆಕೆ ಮಾತ್ರ ಎಣ್ಣೆ ಬುಡ್ಡಿ ಹುಡುಕುತ್ತಿದ್ದಳು. "ಊರಿಗೆ ಊರೇ ಕುಸಿದಿದೆ, ನಿಮ್ಮತ್ತೆಗೆ ಮಿಷನ್ ಚಿಂತೆ" ಎಂದು ನೆರೆಯವರು ಸೊಸೆಯ ಹತ್ತಿರ ನಕ್ಕಿದ್ದರು.

ಹೊಸ ಟ್ಯಾಂಕು ಕಟ್ಟುವಾಗ ಬೀದಿಯವರಲ್ಲೇ ಒಬ್ಬರು ನಿಂತು ನೋಡಬೇಕು, ಅವರ ಸಹಿ ಇಲ್ಲದೆ ಕಾಂಕ್ರೀಟ್ ಸುರಿಯುವಂತಿಲ್ಲ ಎಂಬ ನಿಯಮ ಬಂತು. "ಅಳತೆ ಗೊತ್ತಿರೋರು ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?" ಎಂದು ಎಲ್ಲರೂ ಟೈಲರಮ್ಮನ ಕಡೆ ಬೊಟ್ಟು ಮಾಡಿದರು. ಇಂಜಿನಿಯರು ಒಂದು ಮಧ್ಯಾಹ್ನ ಕೂರಿಸಿಕೊಂಡು ಹೇಳಿಕೊಟ್ಟರು: ಕಬ್ಬಿಣದ ಸರಳಿಗೂ, ಕಾಂಕ್ರೀಟ್ ಸುರಿಯಲು ಸುತ್ತ ಕಟ್ಟಿದ ಹಲಗೆಗೂ ನಡುವೆ ಸಿಮೆಂಟಿನ ಬಿಲ್ಲೆ ಸಿಕ್ಕಿಸಿ ಎರಡು ಇಂಚು ಜಾಗ ಬಿಡಬೇಕು, ಕಡಿಮೆಯಾದರೆ ನೀರು ಒಳಗಿಳಿದು ಸರಳು ತುಕ್ಕು ಹಿಡಿಯುತ್ತದೆ.

ಆಕೆ ಕೊರಳಿನ ಟೇಪು ಇಳಿಸಿ, ಟ್ಯಾಂಕಿನ ಸುತ್ತ ಬಗ್ಗಿ ಬಗ್ಗಿ ಅಳೆದು, ಎರಡು ಇಂಚು ಇದೆ ಎಂದು ಸಹಿ ಹಾಕಿದಳು. ಮರುದಿನ ಬೆಳಿಗ್ಗೆ ಕಾಂಕ್ರೀಟ್. ಮನೆಯಲ್ಲಿ ಸೊಸೆಗೆ ಏಳು ತಿಂಗಳು ತುಂಬಿತ್ತು. ಬೀದಿಗೆ ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಮಗ ಡ್ಯೂಟಿಗೆ ಹೋಗಿರುತ್ತಿದ್ದ. ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವಳು ಅವಳೇ. ಹೆರಿಗೆಯ ಹೊತ್ತಿಗಾದರೂ ನಲ್ಲಿಯಲ್ಲಿ ನೀರು ಬರಲಿ ಎಂದು ಟೈಲರಮ್ಮ ದಿನವೂ ಬೇಡುತ್ತಿದ್ದಳು.

ಅದೇ ಸಂಜೆ ಪಕ್ಕದ ಮನೆಯಾಕೆ ರವಿಕೆಯ ಅಳತೆ ಕೊಡಲು ಬಂದಳು. ಟೈಲರಮ್ಮ ಬಾಯಲ್ಲಿ "ಮೂವತ್ತೈದು" ಎಂದು, ಪುಸ್ತಕದಲ್ಲಿ ಮೂವತ್ತನಾಲ್ಕು ಎಂದು ಬರೆದಳು.

"ಏನಕ್ಕಾ, ನನ್ನ ಒಂದಿಂಚು ನುಂಗಿಬಿಟ್ರಲ್ಲ! ಉಸಿರು ಕಟ್ಟಿಸಿ ಸಾಯಿಸ್ತೀರಾ?"

"ಇಲ್ಲ ಕಣೇ, ಟೇಪಿನ ತುದಿ ಹಿಂಜಿಕೊಂಡಿತ್ತು ಅಂತ ಮೊದಲನೇ ಇಂಚು ಕತ್ತರಿಸಿದೀನಿ. ಒಂದು ಕಳೆದೇ..."

ಆಕೆ ಕೈಯಲ್ಲಿದ್ದ ಟೇಪಿನ ತುದಿ ನೋಡಿದಳು. ಬಟ್ಟೆಗೆ ಅಳೆಯುವಾಗ ಕೈ ತಾನಾಗಿಯೇ ಒಂದು ಕಳೆಯುತ್ತಿತ್ತು. ಕಬ್ಬಿಣಕ್ಕೆ ಕಳೆದಿರಲಿಲ್ಲ. ಎರಡು ಎಂದು ಓದಿದ್ದು ಬರೀ ಒಂದು ಇಂಚು.

ಕಬ್ಬಿಣದ ಸ್ಕೇಲು ಹಿಡಿದು ಟ್ಯಾಂಕಿನ ಹತ್ತಿರ ಓಡಿದಳು. ಅಲ್ಲಿ ಟೀ ಕುಡಿಯುತ್ತ ಕೂತಿದ್ದ, ಟ್ಯಾಂಕು ಕಟ್ಟುವ ಮೇಸ್ತ್ರಿಯ ಎದುರೇ ಮತ್ತೆ ಅಳೆದಳು. ಒಂದೇ ಇಂಚು.

"ಮೇಸ್ತ್ರಿ, ನಿನಗೆ ಗೊತ್ತಿತ್ತಾ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಎರಡಿಂಚಿನ ಬಿಲ್ಲೆ ಮುಗಿದಿತ್ತಮ್ಮ, ಇದ್ದಿದ್ದು ಹಾಕಿದ್ವಿ. ನೀವು ತಪ್ಪು ಹಿಡೀತೀರ ಅಂದ್ಕೊಂಡೆ. ನೀವೇ ಸರಿ ಅಂದ್ಮೇಲೆ ನಾನ್ಯಾಕೆ ಬಾಯಿ ಬಿಡ್ಲಿ?"

"ಬಿಚ್ಚಬೇಕು."

"ಬಿಚ್ಚಿ ಕಟ್ಟೋಕೆ ಮೂರು ವಾರ ಬೇಕು. ಹೊಲಿಗೆಯವಳನ್ನ ನಂಬಿ ಕೆಟ್ವಿ ಅಂತ ಬೀದಿಯೋರು ನಿಮ್ಮನ್ನ ಹರಿದು ತಿಂತಾರೆ."

"ತಿನ್ನಲಿ. ಸುಳ್ಳೇನೂ ಅಲ್ವಲ್ಲ."

ಕಾಗದ ಈಸಿಕೊಂಡು ತನ್ನ ಸಹಿ ಹೊಡೆದುಹಾಕಿದಳು. ಕೆಳಗೆ ಸೊಟ್ಟ ಅಕ್ಷರದಲ್ಲಿ, "ಅಳತೆ ತಪ್ಪಿದ್ದು ನಾನು" ಎಂದು ಬರೆದಳು.

ಮರುದಿನ ನೀರಿನ ಸಾಲಿನಲ್ಲಿ, "ಟೇಪಿಗೆ ಒಂದಿಂಚು, ನಮಗೆ ಮೂರು ವಾರ" ಎಂದು ಯಾರೋ ಕೂಗಿದರು. ಸೊಸೆ ಮನೆಗೆ ಬಂದು ತುಂಬಿದ ಕೊಡ ಇಳಿಸಿ, ಗೋಡೆಗೆ ಒರಗಿ ಕೂತಳು. ಅವಳ ಪಾದಗಳು ಊದಿಕೊಂಡಿದ್ದವು. ಸೊಸೆ ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಟೈಲರಮ್ಮನಿಗೆ.

ಅಷ್ಟರಲ್ಲಿ ಮೇಸ್ತ್ರಿ ಬಾಗಿಲಿಗೆ ಬಂದ. "ಅಮ್ಮಾ, ನಮ್ಮ ಕೆಲಸದ ಟ್ಯಾಂಕರ್ ದಿನಾ ಇಲ್ಲೇ ಹಾದು ಹೋಗುತ್ತೆ. ಒಂದು ಡ್ರಮ್ ತುಂಬಿಸಿ ಹೋಗ್ತೀವಿ. ಲಂಚ ಅಂದ್ಕೋಬೇಡಿ. ಬಸುರಿ ಹೆಣ್ಣುಮಗಳು ಬಿಸಿಲಲ್ಲಿ ನಿಂತಿರೋದು ನೋಡೋಕಾಗಲ್ಲ."

ಸೊಸೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಟೈಲರಮ್ಮ ಕಣ್ಣು ಮುಚ್ಚಿದಳು. 'ಬೇಡ' ಎನ್ನುವ ಎರಡಕ್ಷರ ಬಾಯಿಂದ ಬರಲಿ ಎಂದು ಆಕೆ ಹಿಂದೆಂದೂ ದೇವರನ್ನು ಅಷ್ಟು ಹೊತ್ತು ಬೇಡಿರಲಿಲ್ಲ.

"ಸಾಲಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದಾರಪ್ಪ. ತಪ್ಪು ಮಾಡಿದೋಳು ನಾನು. ಅವರು ಬಿಸಿಲಲ್ಲಿ ನಿಲ್ಲೋದು, ನನ್ನ ಬಾಗಿಲಿಗೆ ಡ್ರಮ್ ಬರೋದು ಅಂದ್ರೆ ಏನು? ನಿನ್ನ ಮನಸ್ಸು ದೊಡ್ಡದು, ನೀರು ಬೇಡ" ಎಂದು, ಇನ್ನೊಂದು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ತಾನೇ ಸಾಲಿನ ಕಡೆ ಹೊರಟಳು.