ತೊಟ್ಟಿಲಲ್ಲಿ ಮಲಗಿದ ಗುಂಡುಕಲ್ಲು

ಗೆಳೆಯರೇ, ಇಂದು ಮಗಳಿಗೆ ತೊಟ್ಟಿಲು ಕೊಳ್ಳಲು ಹೊಸಪೇಟೆಯ ಅಂಗಡಿಗೆ ಹೋಗಿದ್ದೆ. ತೂಗುವಾಗ ಮಗುಚಿ ಕೂಸು ಬಿದ್ದೀತೇ ಎಂಬ ಭಯಕ್ಕೆ ನನಗೆ ವಾರದಿಂದ ನಿದ್ದೆಯಿಲ್ಲ. ಹೆಸರಿಡುವಾಗ ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುತ್ತಾರಲ್ಲ, ಆ ಕಲ್ಲಿಗೇ ಕುಲಾವಿ ತೊಡಿಸಿ, ಬಟ್ಟೆ ಸುತ್ತಿ, ತೂಗಿ ನೋಡಲೆಂದು ಒಯ್ದಿದ್ದೆ.

ಕಲ್ಲನ್ನು ಮಲಗಿಸಿ ಜೋರಾಗಿ ತೂಗಿದೆ. ತೊಟ್ಟಿಲು ಮಗುಚಲಿಲ್ಲ. ತೂಗುತ್ತಾ ತೂಗುತ್ತಾ ನನಗೇ ಜೋಂಪು ಹತ್ತಿತು.

"ಇನ್ನೆಷ್ಟ್ ತೂಗ್ತೀರಿ ಅಣ್ಣಾರ?" ಎಂದ ಅಂಗಡಿಯವ.

ಪಕ್ಕದಲ್ಲಿ ಕುರ್ಚಿ ನೋಡುತ್ತಿದ್ದ ಅಜ್ಜಿ ಅವನನ್ನು ಗದರಿದಳು: "ಸಣ್ಣಗ ಮಾತಾಡಲೇ, ಕೂಸು ಮಲಗೈತಿ."

ಅವನೂ ದನಿ ತಗ್ಗಿಸಿದ. ಪಿಸುಮಾತಿನಲ್ಲೇ ವ್ಯಾಪಾರ ಮುಗಿಯಿತು. ಅಜ್ಜಿಗೆ ನಿಜ ಹೇಳಲು ಮನಸ್ಸಾಗಲಿಲ್ಲ. ಹೊರಡುವಾಗ ಕಲ್ಲನ್ನು ಮೆಲ್ಲಗೆ ಎತ್ತಿಕೊಂಡೆ, ತಲೆಯ ಕೆಳಗೆ ಕೈ ಕೊಟ್ಟು.