ಅಂಗೈಯಲ್ಲಿ ಕ್ಲಿಂಕರ್

ಭಾಲ್ಕಿಯಲ್ಲಿ ಸಿಮೆಂಟ್ ಮಾರುತ್ತ ನನ್ನ ತಲೆ ಬೆಳ್ಳಗಾಗಿದೆ. ವಯಸ್ಸಿನಿಂದಲೋ ಧೂಳಿನಿಂದಲೋ ಹೇಳಲಾರೆ. ಸಿಮೆಂಟಿನ ಒಳಗೆ ಏನಿದೆಯೆಂದು ಯಾವ ಗಿರಾಕಿಯೂ ಕೇಳಿಲ್ಲ. ಚೀಲದೊಳಗೆ ಕೈ ಹಾಕುತ್ತಾರೆ, ತಣ್ಣಗಿದ್ದರೆ ಒಯ್ಯುತ್ತಾರೆ. ಅದನ್ನು ತಿಳಿಯಲೇಬೇಕೆಂದು ಹಟ ಹಿಡಿದವನು ನಮ್ಮ ಓಣಿಯ ಈರಮ್ಮನ ಮಗ ಅಮಿತಕುಮಾರ ಒಬ್ಬನೇ.

ಅವನು ಭೂವಿಜ್ಞಾನ ಓದಿ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯ ಸೇರಿದ. ಸುಣ್ಣದ ಕಲ್ಲು, ಜೇಡಿಮಣ್ಣು ಭಟ್ಟಿಯಲ್ಲಿ ಬೆಂದು ಕರಿ ಉಂಡೆಗಳಾಗಿ ಬರುತ್ತವೆ. ಅದೇ ಕ್ಲಿಂಕರ್, ಬೀಸಿದರೆ ಸಿಮೆಂಟ್. ಅಮಿತ ಅದರ ಚೂರನ್ನು ರಾಳದಲ್ಲಿ ಕೂರಿಸಿ, ದುಂಡನೆಯ ಬಿಲ್ಲೆ ಮಾಡಿ, ಕನ್ನಡಿಯಾಗುವವರೆಗೆ ತಿಕ್ಕಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾನೆ. ಒಳಗೆ ಮೂಲೆಯುಳ್ಳ ಹರಳು, ಮೂಲೆಯಿಲ್ಲದ ಹರಳು ಕಾಣುತ್ತವಂತೆ. ಅವುಗಳ ಗಾತ್ರ ನೋಡಿ ಭಟ್ಟಿ ಹೇಗೆ ಉರಿಯಿತೆಂದು ಹೇಳಬಹುದಂತೆ. ಬಿಲ್ಲೆಯ ಮೇಲೆ ಒಂದು ಗೀರು ಉಳಿದರೂ ಕೆಲಸ ಕೆಟ್ಟಂತೆ. ಹಾಗಾಗಿ ಭಾನುವಾರ ಊರಿಗೆ ಬಂದರೂ ತಿಕ್ಕುವುದು ತಪ್ಪದು.

ಹೆಣ್ಣು ಕೊಡುವವರಿಗೆ ಇದನ್ನು ತಿಳಿಹೇಳುವುದರಲ್ಲಿ ಈರಮ್ಮ ಸೋತಿದ್ದಳು. "ಕಲ್ಲು ನೋಡ್ತಾನ್ರಿ" ಎಂದರೆ, "ಮನಿ ಕಟ್ಟೂ ಗೌಂಡಿ ಏನ್ರಿ?" ಎಂದು ಕೇಳಿ ಎದ್ದು ಹೋದವರಿದ್ದರು.

ಔರಾದದ ಸಾಲೆಯಲ್ಲಿ ವಿಜ್ಞಾನ ಕಲಿಸುವ ಈಶ್ವರಿಗೆ ಮಾತ್ರ ತಿಳಿಹೇಳಬೇಕಾಗಲಿಲ್ಲ. ಬೀದರಿನ ವಿಜ್ಞಾನ ಪ್ರದರ್ಶನದಲ್ಲಿ ಅಮಿತನ ಸೂಕ್ಷ್ಮದರ್ಶಕದೊಳಗೆ ಅವಳು ಹರಳುಗಳನ್ನು ನೋಡಿದಳು, ಅಮಿತ ಅವಳನ್ನು ನೋಡಿದ. ಇಬ್ಬರೂ ಒಪ್ಪಿದರು. ಉಳಿದವರು ಅವಳ ಅಪ್ಪ, ಕಮಠಾಣದ ಹಾವಗೆಪ್ಪ. ಎರಡು ಹೊತ್ತು ಲಿಂಗಪೂಜೆ ಮಾಡುವವನಿಗೇ ಮಗಳನ್ನು ಕೊಡುವೆನೆಂದು ಅವರ ಹಟ. ಅಮಿತನ ಕೊರಳಲ್ಲಿ ಲಿಂಗವೇನೋ ಇತ್ತು. ಪೂಜೆ ಹಬ್ಬದಿಂದ ಹಬ್ಬಕ್ಕೆ.

ನಮ್ಮ ಕಡೆ ಹುಡುಗನ ಮನೆಯನ್ನು ಹೇಳದೆ ಹೋಗಿ ನೋಡುವುದುಂಟು. ಹೇಳಿ ಹೋದರೆ ಬರೀ ಹೊಸ ಸುಣ್ಣ ಕಾಣುತ್ತದೆ. ಹಾವಗೆಪ್ಪ ನನ್ನ ಹಳೆಯ ಗಿರಾಕಿ. ಒಂದು ಭಾನುವಾರ ಬೆಳಿಗ್ಗೆ ನನ್ನನ್ನೇ ಮುಂದೆ ಮಾಡಿಕೊಂಡು ಹೊರಟರು.

ಬಾಗಿಲು ತೆರೆದಿತ್ತು. ಅಮಿತ ಸ್ನಾನ ಮಾಡಿ, ಬೆಳಕಿಗೆಂದು ಪೂರ್ವದ ಕಿಟಕಿಯ ಎದುರು ಮಣೆ ಹಾಕಿಕೊಂಡು ಕೂತಿದ್ದ. ಎಡ ಅಂಗೈಯಲ್ಲಿ ಹೊಳೆಯುವ ಕರಿ ಬಿಲ್ಲೆ, ಕಣ್ಣಿನ ನೇರಕ್ಕೆ. ಗೀರು ಹುಡುಕುತ್ತಿದ್ದ, ರೆಪ್ಪೆ ಬಡಿಯಲಿಲ್ಲ. ಹಾವಗೆಪ್ಪ ಚಪ್ಪಲಿ ಕಳಚಿ, ಕೈ ಮುಗಿದು ನಿಂತರು. ಅಡುಗೆಮನೆಯಿಂದ ಬಂದ ಈರಮ್ಮ ನನ್ನತ್ತ ನೋಡಿದಳು. ನಾನು ಜಂತಿ ನೋಡಿದೆ.

"ಬರ್ರಿ, ಕೂಡ್ರಿ" ಎಂದಳು.

"ಸುಮ್ನಿರ್ರೆವ್ವಾ, ಪೂಜಾ ಮುಗೀಲಿ" ಎಂದು ಹಾವಗೆಪ್ಪ ಪಿಸುಗುಟ್ಟಿದರು.

ಕೊನೆಗೊಮ್ಮೆ ಅಮಿತ ತಲೆ ಎತ್ತಿ ಗಾಬರಿಯಾದ. "ಯಾವಾಗ ಬಂದ್ರಿ?"

"ಇರ್ಲಿ ತಮ್ಮಾ. ಇಂಥಾ ಧ್ಯಾನ ನನಗೂ ಬಂದಿಲ್ಲ. ನಾ ಲಿಂಗಾ ಹಿಡದ್ರ ಮನಸ್ಸು ತೊಗರಿ ಬಾಜಾರಕ್ಕ ಹೋಗ್ತದ. ಸಂಬಂಧ ಪಕ್ಕಾ."

ಈರಮ್ಮ ಸಕ್ಕರೆ ಡಬ್ಬಿ ತರಲು ತಿರುಗಿದ್ದಳು. ಅಷ್ಟರಲ್ಲಿ ಮಗ ಬಾಯಿ ಬಿಟ್ಟ. "ಮಾಮಾರ, ಇದು ಲಿಂಗ ಅಲ್ರಿ. ಕ್ಲಿಂಕರ್."

"ಅಂದ್ರ?"

ಅವರು ನೋಡಿದ್ದು ನನ್ನನ್ನು. "ಸಿಮೆಂಟ್ ರಿ," ಎಂದೆ, "ಬೀಸೂಕಿಂತ ಮೊದಲಿಂದು."

ಹಾವಗೆಪ್ಪನವರ ಕೈ ಇನ್ನೂ ಮುಗಿದೇ ಇತ್ತು. ಮೆಲ್ಲಗೆ ಬಿಡಿಸಿಕೊಂಡರು.

"ಸುಮ್ಮಿದ್ರ ಏನಾಗ್ತಿತ್ತಲೇ ನಿನಗ?" ಎಂದು ಈರಮ್ಮ ಮಗನಿಗೆ ಗದರಿದಳು.

"ಈಶ್ವರಿ ಇದನ್ನ ನೋಡ್ಯಾಳಬೇ. ನಾಳಿ ಆಕಿ ಮುಂದ ಲಿಂಗ ಅಂತ ಹ್ಯಾಂಗ ಹೇಳ್ಲಿ?"

ಹಾವಗೆಪ್ಪ ಬಾಗಿಲಾಚೆ ಓಣಿಯತ್ತ ಒಮ್ಮೆ ಇಣುಕಿದರು. ಸಂಬಂಧ ಮುರಿಯಿತೆಂದೇ ನಾನು ಚಪ್ಪಲಿಯತ್ತ ನೋಡಿದೆ.

"ನಾ ಸಿಮೆಂಟಿಗಿ ಕೈ ಮುಗದೆ ಅಂತ ನಮ್ಮೂರ ಕಟ್ಟಿ ಮ್ಯಾಲ ಗೊತ್ತಾದ್ರ ತಲಿ ಎತ್ತಂಗಿಲ್ಲ. ಈ ಮಾತು ಹೊರಗಿನವರ ಬಾಯಾಗ ಇರಬಾರದು. ಅಳಿಯ ಆದ್ರ ಮನಿ ಮಾತು ಮನ್ಯಾಗ ಇರ್ತದ" ಎಂದರು.

"ಮತ್ತ ಪೂಜಾ?" ಈರಮ್ಮನ ದನಿ ಇಳಿದಿತ್ತು.

"ಧ್ಯಾನಕ್ಕ ಕೂಡೂದು ಕಲ್ತಾನ. ಕೈಯಾಗ ಏನ ಹಿಡೀಬೇಕು, ಈಶ್ವರಿ ಕಲಿಸ್ತಾಳ." ನನ್ನತ್ತ ತಿರುಗಿದರು. "ಸಾವಕಾರ್ರ, ನಿಮ್ಮ ಬಾಯಿಗಿ ಏನ್ ಮಾಡೂದು? ನನಗ ಇನ್ನೊಬ್ಬಾಕಿ ಮಗಳಿಲ್ಲ."

"ಮ್ಯಾಲಿನ ಮನಿ ಕಟ್ಟಸ್ಲಿಕತ್ತೀರಿ. ಸಿಮೆಂಟ್ ನಮ್ಮ ಅಂಗಡಿದು ಆದ್ರ, ನನಗ ಕಣ್ಣು ಮೊದಲೇ ಮಂಜ್ರಿ."

ಮದುವೆಯಾಯಿತು, ಮೇಲಿನ ಮನೆಯೂ ಎದ್ದಿತು. ನಾನು ಬಾಯಿ ಬಿಡಲಿಲ್ಲ. ಆದರೆ ಕಮಠಾಣದ ಕಟ್ಟೆಯ ಮೇಲೆ ಈ ಕಥೆಯನ್ನು ಈಗ ಹಾವಗೆಪ್ಪನವರೇ ಹೇಳುತ್ತಾರೆ. ಹುಡುಗನ ಕೈಯಲ್ಲಿದ್ದದ್ದು ಕ್ಲಿಂಕರ್ ಎಂದು ಅವರು ಬಾಗಿಲಲ್ಲೇ ಗುರುತು ಹಿಡಿದರಂತೆ. ಲಿಂಗವೆಂದು ಕೈ ಮುಗಿದು ನಿಂತವನು ಭಾಲ್ಕಿಯ ಒಬ್ಬ ಸಿಮೆಂಟ್ ವ್ಯಾಪಾರಿಯಂತೆ.