ಲಿಪ್ಪೆಯ ರಾಜನ ಮುಖ

ಇವತ್ತು ಪೂಜೆಯ ಪಾತ್ರೆಗೆ ಹುಣಸೆಹಣ್ಣು ಹಚ್ಚುವಾಗ ಆ ಹುಳಿವಾಸನೆ ನನ್ನನ್ನು ನಾನು ಬೆಳೆದ ದಾದರಿನ ಚಾಳಿನ ಮನೆಗೆ ಎಳೆದೊಯ್ದಿತು.

ಬಂದರಿನಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಹಡಗಿನವನೊಬ್ಬ ಜರ್ಮನಿಯ ಲಿಪ್ಪೆ ಎಂಬ ಪುಟ್ಟ ಸಂಸ್ಥಾನದ ಬೆಳ್ಳಿ ನಾಣ್ಯ ಕೊಟ್ಟಿದ್ದ. ಕಪ್ಪಾಗಿ ಸವೆದಿದ್ದ ಅದರ ಮೇಲೆ ರಾಜನ ಮುಖ. “ಇವನ ರಾಜ್ಯ ಈಗ ನಕಾಶೆದಾಗ ಇಲ್ಲ. ಇವ ಇದರಾಗಷ್ಟ ಉಳದಾನ,” ಎಂದು ಅಪ್ಪ ನನಗೆ ತೋರಿಸುತ್ತಿದ್ದರು.

ದೀಪಾವಳಿಗೆ ಅಜ್ಜಿ ಅದನ್ನು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಮಧ್ಯಾಹ್ನವಿಡೀ ತಿಕ್ಕಿದಳು. ಅಪ್ಪ ಬಂದೊಡನೆ ನಾಣ್ಯವಿಟ್ಟ ಅಂಗೈ ಚಾಚಿದಳು.

“ಕರೀ ನಾಣ್ಯ ಲಕ್ಷ್ಮಿ ಮುಂದ ಇಡ್ತಾರೇನೋ? ಹೆಂಗ ಹೊಳೀತೈತಿ ನೋಡು!”

ಮುಖವಿದ್ದಲ್ಲಿ ನುಣ್ಣನೆಯ ಬೆಳ್ಳಿ. ಅಪ್ಪ ಅಜ್ಜಿಯ ಸುಲಿದ ಬೆರಳುಗಳನ್ನು ನೋಡಿದರು. “ಭಾಳ ಛಂದ ಆಗೈತವ್ವಾ,” ಎಂದಷ್ಟೇ ಹೇಳಿದರು.

ಆ ನಾಣ್ಯ ಈಗ ನನ್ನ ಪೂಜೆಯ ತಟ್ಟೆಯಲ್ಲಿದೆ. ಕಪ್ಪು ಮತ್ತೆ ಬಂದಿದೆ. ರಾಜ ಬಂದಿಲ್ಲ.